ನಾ ಇಸ್ತ್ರಿ ಮಾಡಿದ ಹದಿನೈದು ನೆರಿಗಿ

ನೆಟ್ಟಗ ಗೆರಿ ಎಳಿಯೂದು ನನ್ನ ಹಣೇಬರದಾಗ ಇರಲಿಲ್ಲ. ಸಾಲ್ಯಾಗ ನಾ ಬರದ ತ್ರಿಕೋನಕ್ಕ ನಾಕ ಮೂಲಿ ಇರತಿದ್ವು, ಮಾಸ್ತರು ಅದನ್ನ ಕ್ಲಾಸಿಗೆಲ್ಲಾ ತೋರಿಸಿ ನಗಸ್ತಿದ್ರು. ಜೀವನದಾಗ ಒಂದ ಸಲ, ಕಂಪ್ಯೂಟರ್ ಮುಂದ ಕುಂತು, ಗೆರಿ ಭಾಳ ನೆಟ್ಟಗ ಎಳದೆ. ಎಷ್ಟ ನೆಟ್ಟಗ ಅಂದ್ರ, ಸತ್ತ ಮನಷ್ಯಾನ ಧ್ವನಿ ಅದರ ಸಲುವಾಗಿ ನನ್ನ ಬೆನ್ನ ಹತ್ತಿತು.

ನಾ ಪೇಟೆಂಟ್ ಏಜೆಂಟ. ಯಾರರ ಹೊಸಾದು ಏನರ ಕಂಡ ಹಿಡದ್ರ, ಅದನ್ನ ಸರ್ಕಾರಕ್ಕ ತಿಳಿಯೂವಂಗ, ಕಂಡ ಹಿಡದಾವಗ ಮಾತ್ರ ತಿಳೀದಂಗ ಬರದು ಕೊಡೂದು ನನ್ನ ಕೆಲಸ. ಫರ್ಮ್ ಇರೂದು ಬೆಂಗಳೂರಾಗ, ನಾ ಇರೂದು ಹಿರೇಕೆರೂರಿನ್ಯಾಗ, ಗೊಬ್ಬರದ ಅಂಗಡಿ ಮ್ಯಾಲಿನ ಖೋಲ್ಯಾಗ. ಯೂರಿಯಾ ವಾಸನಿ ಇಲ್ಲಂದ್ರ ನನಗ ಒಂದ ಅಕ್ಷರ ಬರ್ಯಾಕ ಬರೂದಿಲ್ಲ ಈಗ.

ಆ ಖೋಲಿಗೆ ಸವಣೂರಿನ ಬ್ಯಾಟರಿ ಮಿಸ್ತ್ರಿ ಒಬ್ರು ಮಿಠಾಯಿ ಡಬ್ಬಿ ಹಿಡಕೊಂಡು ಬಂದ್ರು. ಅವರು ಬಾಯಿ ಬಿಡೂದ್ರಾಗ ನಾ ಪೇಢೆ ಅಂತ ಡಬ್ಬಿಗೆ ಕೈ ಹಾಕಿ ಆಗಿತ್ತು. ಒಳಗ ಒಂದ ಕಂದು ಬಣ್ಣದ ತೆಳು ಪಟ್ಟಿ, ಹಳೇ ಫೋಟೋ ರೀಲಿನಂಗ.

"ತಿನ್ನಬ್ಯಾಡೋ ತಮ್ಮಾ, ಅದು ಸರ್ಕೀಟು," ಅಂದ್ರು.

ಅವರು ಹೇಳಿದ್ದು ಇಷ್ಟ. ಕರೆಂಟಿನ ಆಟೋದ ಬ್ಯಾಟರ್ಯಾಗ ಹದಿನಾರು ಸೆಲ್ ಸಾಲಾಗಿ ಕುಂತಿರತಾವು. ಯಾವ್ದು ದಣದೇತಿ, ಯಾವ್ದು ಕಾಯಾಕತ್ತೇತಿ ಅಂತ ಕಾವಲ ಕಾಯಾಕ ಒಂದ ಕಾರ್ಡ್ ಇರತೈತಿ. ಆ ಕಾರ್ಡಿನಿಂದ ಪ್ರತಿ ಸೆಲ್ಲಿಗೂ ಒಂದೊಂದ ಸಣ್ಣ ವೈರ್. ಹಾನಗಲ್ ರೋಡಿನ್ಯಾಗ ಆಟೋ ಕುಣದ್ರ ಆ ವೈರ್ ಒಂದೊಂದ ಹರಕೋತ ಬರತಾವು, ಕಾರ್ಡಿಗೆ ಕಣ್ಣ ಹೋಗತಾವು, ಸೆಲ್ ಸುಟ್ರೂ ತಿಳ್ಯಾಂಗಿಲ್ಲ. ಅದಕ್ಕ ಮಿಸ್ತ್ರಿ ವೈರೆಲ್ಲಾ ತಗದು ಈ ಪಟ್ಟಿ ಮಾಡಿದ್ರು. ಎರಡ ತೆಳು ಪ್ಲಾಸ್ಟಿಕ್ ಹಾಳಿ ನಡುವ ತಾಮ್ರದ ಗೆರಿ, ಮಣಿಸಿದಂಗ ಮಣೀತೈತಿ.

ಸಾಲಿ ನೋಟ್‌ಬುಕ್ಕಿನ್ಯಾಗ ಅವರ ಕೈಲೆ ತಗದ ಚಿತ್ರ ಮೂರು ಇದ್ವು. ಚಿತ್ರದಾಗ ಪಟ್ಟಿ ಅಲ್ಲಲ್ಲಿ ಡೊಂಕಾಗಿತ್ತು, ಡೊಂಕಿನ ಬಾಯಾಗ ಒಂದೊಂದ ಚುಕ್ಕಿ. ನಾ ಮನಸಿನ್ಯಾಗ ಅಂದೆ, ಪಾಪ, ವಯಸ್ಸಾತು, ಕೈ ನಡಗತೈತಿ, ಪೆನ್ನು ಸೋರತೈತಿ. ಮಿಸ್ತ್ರಿಗೆ ಐವತ್ತೂ ಆಗಿರಲಿಲ್ಲ. ಫಾರ್ಮಿನ ಮ್ಯಾಲ ಸಹಿ ಮಾಡಿ, ಚಾ ಕುಡದು ಹೋದ್ರು.

ಮುಂದ ನಾ ಚಿತ್ರ ಬರ್ಯಾಕ ಕುಂತೆ. ಪೇಟೆಂಟಿಗೆ ಹಾಕೂ ಚಿತ್ರ ಸ್ವಚ್ಛ ಇರಬೇಕು, ಗೆರಿ ಗಟ್ಟಿ ಇರಬೇಕು, ಕಲಿ ಇರಬಾರದು. ನಾ ಸ್ವಚ್ಛ ಮಾಡಿದೆ. ಒಂದನೇ ಚಿತ್ರದಾಗ ಡೊಂಕು ತಗದೆ, ಚುಕ್ಕಿ ಅಳಸಿದೆ. ಎರಡನೇದರಾಗೂ ಹಂಗ. ಪಟ್ಟಿ ಹೈವೇ ಆದಂಗ ಆತು. ಮೂರನೇದಕ್ಕ ಬರೂದ್ರಾಗ ಹಾನಗಲ್ಲಿಗೆ ಕಾಕಾನ ಮಗಳ ಮದವಿಗೆ ಹೋಗೂ ಹೊತ್ತಾತು. ಅದನ್ನ ಹಂಗ, ನೋಟ್‌ಬುಕ್ಕಿನ ಫೋಟೋನ ಹಚ್ಚಿ, ಕೆಳಗ "ಪಟ್ಟಿಯನ್ನು ಚಿತ್ರ ಮೂರರಲ್ಲಿ ತೋರಿಸಿದಂತೆ ಅಳವಡಿಸಲಾಗುತ್ತದೆ" ಅಂತ ಇಂಗ್ಲಿಷಿನ್ಯಾಗ ಒಂದ ಸಾಲು ಗೀಚಿ, ಎಲ್ಲಾ ಮಿಸ್ತ್ರಿಗೆ ವಾಟ್ಸಪ್ ಮಾಡಿದೆ. "ನೋಡಿ ಹೇಳ್ರಿ ಅಣ್ಣಾರ, ನಾಳೆ ಮುಂಜಾನೆ ಹಾಕೂದ."

ಅವರು ಮೂರು ಧ್ವನಿ ಮೆಸೇಜು ಕಳಿಸಿದ್ರು. ಒಂದ ಸಣ್ಣದು, ಒಂದ ನಾಕ ನಿಮಿಷದ್ದು, ಮತ್ತೊಂದ ಇಪ್ಪತ್ತ ಸೆಕೆಂಡಿಂದು. ನಾ ಮದವಿ ಮನ್ಯಾಗ ಬುಂದಿ ಬಡಸಾಕತ್ತಿದ್ದೆ. ಒಂದ ಕೈಯಾಗ ಸೌಟು. ಇನ್ನೊಂದ ಕೈಲೆ, ಕೇಳದನ, ಸರಿ ಅನ್ನೂ ಹೆಬ್ಬೆಟ್ಟಿನ ಗೊಂಬಿ ಒಂದ ಒತ್ತಿ ಕಳಿಸಿದೆ. ಮುಂಜಾನೆ ಅರ್ಜಿ ಹಾಕಿದೆ. ನಂಬರ್ ಕಳಿಸಿದ್ದಕ್ಕ ಅವರು ಎರಡ ಕೈ ಜೋಡಿಸಿದ ಗೊಂಬಿ ಕಳಿಸಿದ್ರು. ತಾವು ಹೇಳಿದ್ದೆಲ್ಲಾ ತಿದ್ದೇನಿ ಅಂತ ನಂಬಿದ್ರು.

ಪೇಟೆಂಟ್ ಆಫೀಸಿನ ಮೊದಲನೇ ಪರೀಕ್ಷಾ ವರದಿ ಬರೂದ್ರಾಗ ಎರಡ ವರ್ಷದ ಮ್ಯಾಲಾಗಿತ್ತು. ವರದಿ ಅಂದ್ರ ತಕರಾರಿನ ಪಟ್ಟಿ. ಉತ್ತರಾ ಕೊಡಾಕ ಆರ ತಿಂಗಳ. ಅದರಾಗ ಏನ ಬರದಾರ ಅಂತ ಸುದ್ದಾ ಓದದ ನಾ ಮಿಸ್ತ್ರಿಗೆ ಮೆಸೇಜ್ ಮಾಡಿದೆ. "ಅಣ್ಣಾರ, ಶುಭಾಶಯ! ಸರ್ಕಾರ ನಿಮಗ ಬೈದು ಪತ್ರ ಬರದೇತಿ! ಅಂದ್ರ ಓದ್ಯಾರ ಅಂತಾತು!" ಜೋಡಿಗೆ ಪಟಾಕಿ ಚಿತ್ರ ನಾಕ.

ಅವರ ಹೆಸರಿನ ಕೆಳಗ 'ಆನ್‌ಲೈನ್' ಅಂತ ಬಂತು. ಆಮ್ಯಾಲ ಟೈಪ್ ಮಾಡಾಕತ್ತಾರ ಅಂತ ಬಂತು. ನಿಂತಿತು. ಮತ್ತ ಬಂತು.

"ಅವರು ತೀರಿಕೊಂಡು ಏಳು ತಿಂಗಳಾತು ತಮ್ಮಾ. ನಾ ಅವರ ಮನಿಯಾಕಿ."

ನಾ ಆ ನಾಕ ಪಟಾಕಿ ಅಳಸಾಕ ಹೋಗಿ, ಗಡಿಬಿಡಿಗೆ ನನ್ನ ಫೋನಿನ್ಯಾಗ ಅಷ್ಟ ಅಳಸಿದೆ. ಅವರ ಫೋನಿನ್ಯಾಗ ಇನ್ನೂ ಅದಾವು. ಬ್ಯಾಟರಿ ಮಿಸ್ತ್ರಿ ನಿಂತಕೊಂಡ ಮಾತಾಡಾಕತ್ತಾಗ ಎದಿ ಹಿಡಕೊಂಡು ಕುಂತಿದ್ರಂತ. ಏಳಲಿಲ್ಲಂತ.

ಆಮ್ಯಾಲ ವರದಿ ಓದಿದೆ. ಪರೀಕ್ಷಾ ಮಾಡಿದವರು ಒಂದ ಹಳೇ ಪರದೇಶದ ಪೇಟೆಂಟ್ ಮುಂದಿಟ್ಟಿದ್ರು. ಅದರಾಗ ಹಂಗ ತೆಳು ಪಟ್ಟಿ, ಹಂಗ ತಾಮ್ರದ ಗೆರಿ, ಹಂಗ ಸೆಲ್ಲಿನ ಮ್ಯಾಲ ಮಲಗಿದ್ದು. ನೆಟ್ಟಗ. ನನ್ನ ಒಂದನೇ ಚಿತ್ರ ಅದರ ಬಾಜೂಕ ಇಟ್ರ ಅವಳಿ ಜವಳಿ. "ಅರ್ಜಿದಾರರ ಪಟ್ಟಿಗೂ ಇದಕ್ಕೂ ಫರಕು ಏನು?" ಅಂತ ಕೇಳಿದ್ರು. ಕೇಳಬೇಕಾದಂಥಾ ಮಾತ. ಫರಕು ನಾ ಅಳಸಿದ್ದೆ.

ನಮ್ಮ ಕಾಯ್ದೇದಾಗ ಒಂದ ಪೇಚು ಐತಿ. ಅರ್ಜಿ ಹಾಕಿದ ಮ್ಯಾಲ ಹೊಸಾದು ಏನೂ ಸೇರಸಾಕ ಬರೂದಿಲ್ಲ. ಮೊದಲ ದಿನ ಕಾಗದದಾಗ ಏನಿತ್ತೋ ಅದರಾಗಿಂದ ಹುಡುಕಿ ತಗೀಬೇಕು. ಮಿಸ್ತ್ರಿನ್ನ ಕೇಳೂಣಂದ್ರ ಮಿಸ್ತ್ರಿ ಇಲ್ಲ. ಮೂರನೇ ಚಿತ್ರ ತಗದು ದೊಡ್ಡದು ಮಾಡಿ ನೋಡಿದೆ. ಡೊಂಕು ಎಣಿಸಿದೆ. ಹದಿನೈದು. ಚುಕ್ಕಿ ಎಣಿಸಿದೆ. ಹದಿನೈದು. ಹದಿನಾರು ಸೆಲ್ಲಿನ ನಡುವ ಸಂದಿ ಹದಿನೈದ. ಕೈ ನಡಗೂ ಮನಷ್ಯಾ ಎಣಿಸಿ ನಡಗೂದಿಲ್ಲ.

ಆಗ ನೆನಪಾದ್ವು ಆ ಮೂರು ಮೆಸೇಜು. ಹಾವೇರಿ ಬಸ್ಸಿನ್ಯಾಗ, ಕಿಡಕಿ ಕಡೆ ಕುಂತು, ಇಯರ್‌ಫೋನ್ ಹಾಕ್ಕೊಂಡು, ನಡು ಮಧ್ಯಾಹ್ನದಾಗ ಕೇಳಿದೆ.

ಒಂದನೇದು: "ತಮ್ಮಾ, ಇಂಗ್ಲಿಷ್ ನನಗ ಅಷ್ಟಕ್ಕಷ್ಟ, ಚಿತ್ರ ನೋಡಿದೆ. ಯಪ್ಪಾ, ನೆರಿಗಿ ಎಲ್ಲಿ ಹೋದ್ವು? ಇಸ್ತ್ರಿ ಮಾಡಿದಿ ಏನ?" ಅಂದು ನಕ್ಕಿದ್ರು.

ಎರಡನೇದು: "ಚಾರ್ಜ್ ಆದಾಗ ಸೆಲ್ ಉಸರ ತುಂಬಕೋತಾವು, ಸ್ವಲ್ಪ ಉಬ್ಬತಾವು. ಇಳದಾಗ ಉಸರ ಬಿಡತಾವು. ನೆಟ್ಟಗಿದ್ದ ಪಟ್ಟಿ ಜಗ್ಗಿ ಜಗ್ಗಿ ಬೆಸುಗಿ ಹತ್ರ ಹರೀತೈತಿ. ಅದಕ್ಕ ಸಂದ್ಯಾಗ ಒಂದೊಂದ ನೆರಿಗಿ. ಬರೇ ನೆರಿಗಿ ಇಟ್ರ ಆಟೋ ಕುಣದಾಗ ಅದು ಪಟಪಟ ಬಡಕೊಂಡು ಮತ್ತ ಹರೀತೈತಿ. ಅದಕ್ಕ ನೆರಿಗಿ ಬಾಯಾಗ ಒಂದ ಹನಿ ಗೋಂದು, ಬಟ್ಟಿಗೆ ದಾರದ ಟಾಕಿ ಹಾಕಿದಂಗ..." ಹಿಂದ ಹೊಲಿಗಿ ಮಷೀನಿನ ಸಪ್ಪಳ. ಅದು ನಿಂತು, ಒಂದ ಹೆಣ್ಣಿನ ಧ್ವನಿ, "ಚಾ ಆರತೈತ್ರೀ." ಇವರು, "ಬಂದೆ ಬಂದೆ."

ಮೂರನೇದು: "ಇನ್ನೊಂದ ತಮ್ಮಾ. ಆ ಟಾಕಿ ನನ್ನ ತಲಿದಲ್ಲ, ನಮ್ಮ ಮನಿಯಾಕಿದು. ಸಹಿ ಮಾಡೂ ಮುಂದ ಹೊಳೀಲಿಲ್ಲ ನೋಡು. ಅಕಿ ಹೆಸರೂ ಹಾಕು. ಅಕಿಗೆ ಈಗ ಹೇಳಬ್ಯಾಡ, ಕಾಗದ ಬಂದ ಮ್ಯಾಲ ನಾನ ತೋರಸ್ತೇನಿ."

ಬಸ್ಸು ಹಂಸಭಾವಿ ದಾಟಿತ್ತು. ಕಿಡಕಿ ಪರದೇದಾಗ ನೆರಿಗಿ. ಮುಂದ ಕುಂತ ಅಜ್ಜಿ ಸೀರ್ಯಾಗ ನೆರಿಗಿ. ಕಂಡಕ್ಟರ್ ಕೊಟ್ಟ ಟಿಕೇಟು ಸುದ್ದಾ ಮಡಚಿಕೊಂಡಿತ್ತು. ನಾ ಎಲ್ಲಿಗೆ ಹೊಂಟೇನಿ ಅನ್ನೂದ ಮರತು ಕುಂತೆ.

ಫೋನ್ ಗುಂಯ್ ಅಂತು. ಮಿಸ್ತ್ರಿ ನಂಬರಿನಿಂದ ಮೆಸೇಜು.

"ಈಗ ಕೇಳಿದ್ಯಾ ತಮ್ಮಾ?"

ನನ್ನ ಕೈಯಾಗಿಂದ ಫೋನ್ ಜಾರಿ ಅಜ್ಜಿ ಬುಟ್ಟ್ಯಾಗ, ಬದನಿಕಾಯಿ ನಡುವ ಬಿತ್ತು. ವಾಟ್ಸಪ್ಪಿನ್ಯಾಗ ಧ್ವನಿ ಮೆಸೇಜು ಕೇಳೂ ಮಟ ಕಳಿಸಿದವರ ಕಡೆ ಅದರ ಮೈಕಿನ ಗುರುತು ಬೂದಿ ಬಣ್ಣದ ಇರತೈತಿ. ಕೇಳಿದ ಕೂಡಲೆ ನೀಲಿ ಆಗತೈತಿ. ಆ ಹೆಣಮಗಳು ಗಂಡನ ಫೋನ್ ದಿನಾ ಚಾರ್ಜ್ ಮಾಡಿ ಮಷೀನಿನ ಬಾಜೂಕ ಇಟ್ಟಕೊಂಡು, ಆ ಮೂರು ಬೂದಿ ಗುರುತು ಅಷ್ಟೂ ತಿಂಗಳ ನೋಡಿಕೋತ ಬಂದಿದ್ರು. ನಾ ಕೇಳಿಲ್ಲ ಅನ್ನೂದು ಮೊದಲಿಂದ ಅವರಿಗೆ ಗೊತ್ತಿತ್ತು.

"ಏನ ಹೇಳ್ಯಾರ? ನಾ ಕೇಳಿಲ್ಲ. ಅವರ ಧ್ವನಿ ಕೇಳಾಕ ನನಗ ಧೈರ್ಯ ಇಲ್ಲ."

ಹಾವೇರಿಯಾಗ ಇಳದು ಸವಣೂರ ಬಸ್ ಹತ್ತಿದೆ.

ಅವರ ಅಂಗಡಿ ಎರಡ ಭಾಗ. ಹಿಂದಿಂದು ಬ್ಯಾಟರಿದು, ಕದಾ ಹಾಕಿತ್ತು. ಮುಂದ ಮಿಸ್ತ್ರಿ ಮನಿಯಾಕಿ, ಅಂದ್ರ ಅಕ್ಕಾರ, ಹೊಲಿಗಿ ಮಷೀನು. ನಾ ಕುಂದ್ರೂದ್ರಾಗ ಅವರು ಕೇಳಿದ್ರು, "ಆ ಕೆಲಸ ಆಗೂದೈತೋ ಇಲ್ಲೋ, ಅಷ್ಟ ಹೇಳು. ಹಗಲೆಲ್ಲಾ ಪಟ್ಟಿ ಹಿಡಕೊಂಡು ಕುಂದರತಿದ್ರು. ಮಂದಿ ಹುಚ್ಚಮಿಸ್ತ್ರಿ ಅಂತಿದ್ರು. ನಮ್ಮ ಭಾವನವರು ಈಗೂ ಅಂತಾರ, ಪ್ಲಾಸ್ಟಿಕ್ ಮಡಚಕೋತ ಸತ್ತ ಅಂತ. ಸರ್ಕಾರದ ಕಾಗದಾ ಒಂದ ಬಂದ್ರ ಅವರ ಮುಂದ ಹಿಡೀತೇನಿ."

ನಾ ಚಿತ್ರ ತೋರಿಸಿದೆ. "ಅಕ್ಕಾರ, ಈ ಚುಕ್ಕಿ ಟಾಕಿ ಅಂದ್ರು ಅಣ್ಣಾರು. ಏನದು?"

ಅವರು ಮಷೀನಿನ ಮ್ಯಾಲಿದ್ದ ಹುಡುಗಿ ಫ್ರಾಕಿನ ಫ್ರಿಲ್ ಎತ್ತಿ ಹಿಡದ್ರು. "ಕಚ್ಚಾ ಟಾಕಿ. ನೆರಿಗಿ ಹಂಗ ಬಿಟ್ರ ಹಾರಾಡತೈತಿ. ಪಕ್ಕಾ ಹೊಲದ್ರ ಬಿಗೀತೈತಿ. ಅದಕ್ಕ ಒಂದ ಕಚ್ಚಾ ಟಾಕಿ. ಸುಮ್ನಿದ್ರ ಹಿಡದಿರತೈತಿ, ಜೋರ ಜಗ್ಗಿದ್ರ ಅದ ಬಿಡತೈತಿ, ಬಟ್ಟಿ ಹರ್ಯಾಂಗಿಲ್ಲ. ಅವರ ಪಟ್ಟಿ ಹರಿಯೂದು ನೋಡಿ ನೋಡಿ ನನಗ ಸಾಕಾಗಿತ್ತು. ಒಂದಿನ ಕಸಗೊಂಡು ನೆರಿಗಿ ಹಿಡದು, ದಾರದ ಟಾಕಿ ಹಾಕಿ ಕೊಟ್ಟೆ. ಅವರು ದಾರದ ಬದಲಿ ಗೋಂದು ಹಾಕಿದ್ರು. ಅಷ್ಟ."

ಅಷ್ಟ ಅಂತ. ಪರದೇಶದ ಕಂಪನಿಗೆ ಹೊಳೀದ್ದು.

"ಮೂರನೇದರಾಗ ಏನಿತ್ತು? ಸಣ್ಣದ ಇತ್ತಲ್ಲ," ಅಂದ್ರು.

ಕಾಗದ ಬರೂ ಮಟ ಹೇಳಬ್ಯಾಡ ಅಂದಿದ್ರು ಮಿಸ್ತ್ರಿ. ಆದ್ರ ನಾ ಬಾಯಿ ಮುಚ್ಚಿದ್ದು ಅವರ ಮಾತಿಗೆ ಬೆಲಿ ಕೊಟ್ಟಲ್ಲ. ಫಾರ್ಮಿನ್ಯಾಗ ಹೆಸರು ಬಿಟ್ಟಾಂವ ನಾ, ಹೆಬ್ಬೆಟ್ಟು ಒತ್ತಿದಾಂವ ನಾ. "ಏನಿಲ್ಲಕ್ಕಾರ... ಊಟಾತೇನು ಅಂತ ಕೇಳಿದ್ರು," ಅಂದೆ.

ಸತ್ತವರ ಬಾಯಾಗ ಸುಳ್ಳ ಇಟ್ಟಾವಗ ನಿದ್ದಿ ಬರೂದಿಲ್ಲ ಅಂತಾರ. ನನಗ ನಿದ್ದಿ ಬಂತು, ಊಟ ಹೋಗಲಿಲ್ಲ. ತಾಟಿನ ಮುಂದ ಕುಂತಾಗೊಮ್ಮೆ ಕಿವ್ಯಾಗ "ಊಟಾತೇನು?" ಅಂತ ಮಿಸ್ತ್ರಿ ಕೇಳಿದಂಗ ಆಗತಿತ್ತು, ಅವರು ಎಂದೂ ಕೇಳದಿದ್ದ ಮಾತು. ಅವ್ವ ದೃಷ್ಟಿ ತಗದ್ಲು. ಮೆಣಸಿನಕಾಯಿ ಘಾಟಿಗೆ ಕೆಳಗಿನ ಗೊಬ್ಬರದ ಅಂಗಡಿಯವರು ಕೆಮ್ಮಿ ಹೊರಗ ಬಂದ್ರು, ನನ್ನ ಮೈಮ್ಯಾಲಿದ್ದದ್ದು ಬರಲಿಲ್ಲ.

ಪಟ್ಟಿ ಹೆಂಗ ಕೆಲಸ ಮಾಡತೈತಿ ಅಂತ ಕಣ್ಣಿಲೆ ನೋಡಬೇಕಿತ್ತು. ಮಿಸ್ತ್ರಿ ಕೈಯಾಗಿನ ಬ್ಯಾಟರಿ ಒಂದ ಶಿಗ್ಗಾಂವಿಯ ಮಾಲ ಹೇರೂ ಆಟೋದಾಗ ಇನ್ನೂ ಓಡಾಕತ್ತಿತ್ತು. ಪುಣ್ಯಾಕ್ಕ ಅದನ್ನ ಅರ್ಜಿ ಹಾಕಿದ ಮ್ಯಾಲ ಕೂಡಿಸಿದ್ರು. ಮೊದಲ ಕೂಡಿಸಿ ಬಾಡಿಗಿ ಹೊಡಿಸಿದ್ರ, ಊರಿಗೆಲ್ಲಾ ತೋರಿಸಿದ್ದು ಹೊಸಾದು ಹೆಂಗ ಆಗತೈತಿ ಅಂತ ಪೇಟೆಂಟ್ ಆಫೀಸಿನವರು ಕೇಳೂವರು.

ನಾ ಶಾಕ್ ಹೊಡದೀತು ಅಂತ ಅಪ್ಪನ ಗಮ್‌ಬೂಟು, ಔಷಧ ಹೊಡಿಯೂ ಕೈಗವಸು ಹಾಕ್ಕೊಂಡು ಹೋಗಿದ್ದೆ. ಆಟೋದವ ಮ್ಯಾಲಿಂದ ಕೆಳಗ ನೋಡಿದ.

"ಏನ್ರಿ ಸಾಹೇಬ್ರ, ಬಾವಿ ಹೂಳ ತಗ್ಯಾಕ ಬಂದೀರಿ?"

"ಬ್ಯಾಟರಿ ಬಿಚ್ಚಿ ನೋಡಬೇಕಿತ್ತಪಾ."

"ಬಿಚ್ಚಾಂಗಿಲ್ಲ. ಮಿಸ್ತ್ರಿ ಹೇಳ್ಯಾರ, ನಾ ಬರೂ ಮಟ ಯಾರಿಗೂ ಬಿಚ್ಚಾಕ ಕೊಡಬ್ಯಾಡ ಅಂತ."

"ಮಿಸ್ತ್ರಿ ಇಲ್ಲಲ್ಲಪಾ ಈಗ."

"ಗೊತ್ತೈತ್ರಿ. ಮಣ್ಣಿಗೆ ಹೋಗಿದ್ದೆ. ಆದ್ರ ಮಾತು ಐತೆಲ್ಲ?"

ಅಕ್ಕಾರಿಗೆ ಫೋನ್ ಹಚ್ಚಿ ಕೊಟ್ಟೆ. ಅವರು ಏನಂದ್ರೋ, ಅವ ಕಣ್ಣ ಒರಸಿಕೊಂಡು ನಟ್ಟು ಬಿಚ್ಚೂ ಪಾನಾ ತಗೊಂಡ. ಡಬ್ಬಿ ತಗದ. ಹದಿನಾರು ಸೆಲ್, ಮ್ಯಾಲ ಕಂದು ಪಟ್ಟಿ, ನಡುನಡುವ ನೆರಿಗಿ, ಸಾಲಾಗಿ. ಪ್ರತಿ ನೆರಿಗಿ ಬಾಯಾಗ ಒಂದ ಹನಿ ಗೋಂದು, ಜ್ವಾಳದ ಕಾಳಿನಷ್ಟ. ಏಳನೇ ಸೆಲ್ ಸ್ವಲ್ಪ ಉಬ್ಬಿತ್ತು. ಅದರ ಬಾಜೂಕಿನ ನೆರಿಗಿದಷ್ಟ ಟಾಕಿ ಬಿಟ್ಟು, ನೆರಿಗಿ ಬಿಚ್ಚಿಕೊಂಡಿತ್ತು. ತಾಮ್ರ ಹರದಿರಲಿಲ್ಲ. ಹ್ಯಾಂಗ ಹೇಳಿದ್ರೋ ಹಂಗ.

ಹತ್ತಿರ ಬಗ್ಗಿದೆ. ಗೋಂದಿನ ಮ್ಯಾಲ ಸಣ್ಣ ಸಣ್ಣ ಗೆರಿ ಇದ್ವು. ಮಿಸ್ತ್ರಿ ಗೋಂದು ಒಣಗೂದ್ರಾಗ ಒಂದೊಂದನ್ನ ಹೆಬ್ಬೆಟ್ಟಿಲೆ ಒತ್ತಿ ಹಿಡದಿದ್ರು. ಹದಿನೈದಕ್ಕೂ ಅವರ ಹೆಬ್ಬೆಟ್ಟಿನ ಗುರುತು, ಸ್ವಚ್ಛ.

ನಾ ಒತ್ತಿದ್ದು ಒಂದ ಹೆಬ್ಬೆಟ್ಟು. ಅದೂ ಕೇಳದ.

ಫೋಟೋ ತಕ್ಕೊಂಡು ಬೆಂಗಳೂರಿನ ಮೇಡಂಗೆ ಫೋನ್ ಮಾಡಿದೆ. ಅವರು ನನಗ ಕೆಲಸ ಕಲಸಿದವರು. ಎಲ್ಲಾ ಹೇಳಿದೆ. ಮೇಡಂ ಅಂದ್ರು:

"ಕ್ಲೇಮ್ ತಿದ್ದಿ. ಮಡಿಕೆ ಮತ್ತು ಆ ಅಂಟಿನ ಹನಿ, ಅದರ ಮೇಲೇ ನಿಲ್ಲಿ. ಗಂಡನ ಬದಲು ಅವರು ಅರ್ಜಿದಾರರಾಗಲಿ, ವಾರಸುದಾರರು ಅಂತ. ಆದರೆ ಇನ್ವೆಂಟರ್ ಹೆಸರು ಎತ್ತಬೇಡಿ. ಮೊದಲ ಫಾರ್ಮೇ ತಪ್ಪು ಅಂತ ನಾವೇ ಒಪ್ಪಿಕೊಂಡ ಹಾಗಾಗತ್ತೆ. ಮತ್ತೆ ಆ ಮೆಸೇಜ್ ಕೇಳಿಸಿದ್ರೆ ಅವರು ನಿಮ್ಮ ಮೇಲೆ ದೂರು ಕೊಡಬಹುದು. ಫರ್ಮ್ ಮೇಲೂ."

ಕ್ಲೇಮ್ ಅಂದ್ರ ಇದರ ಮ್ಯಾಲ ನಮ್ಮ ಹಕ್ಕು ಅನ್ನೂ ಸಾಲು. ಅವರು ಹೇಳಿದ್ದು ಕೆಲಸದ ಮಾತ. ಅರ್ಜಿ ಉಳೀತಿತ್ತು, ಕಾಗದ ಬಂದ್ರೂ ಬರತಿತ್ತು, ಅಕ್ಕಾರು ಭಾವನ ಮುಂದ ಹಿಡೀತಿದ್ರು. ಯಾರಿಗೂ ತಿಳೀತಿರಲಿಲ್ಲ. ಆದ್ರ ಅಕ್ಕಾರು ಆ ಕಾಗದ ಹಿಡದು ನಿಂತಾಗ ಅದರಾಗ ಅವರ ಹೆಸರು ಯಾಕಿಲ್ಲ ಅನ್ನೂದು ಗೊತ್ತಿರೂ ಮನಷ್ಯಾ ಭೂಮಿ ಮ್ಯಾಲ ನಾ ಒಬ್ಬನ. ಅಂಥಾ ಗುಟ್ಟು ಕಾಯಾಕ ನನಗಿಂತ ದೊಡ್ಡ ಹೊಟ್ಟಿ ಬೇಕು. ನಾ ಪಂಕ್ತ್ಯಾಗ ಬುಂದಿ ಬಡಸಾಂವ.

ಮರುದಿನ ಸವಣೂರಿಗೆ ಹೋಗಿ, "ಅಕ್ಕಾರ, ಅವತ್ತ ಸುಳ್ಳ ಹೇಳಿದೆ," ಅಂದು ಮೂರೂ ಹಚ್ಚಿದೆ.

ಅವರು ಮಷೀನಿನ ಚಕ್ರದ ಮ್ಯಾಲ ಕೈ ಇಟ್ಟು ಕುಂತ್ರು. ಅಳತಾರ ಅಂತ ನಾ ಕರ್ಚೀಪು ತಗದು ತಯಾರ ಇದ್ದೆ. ಅಳಲಿಲ್ಲ.

"ಚಾ ಆರತೈತಿ ಅಂದದ್ದು ನಾನ," ಅಂದ್ರು. "ಮತ್ತೊಮ್ಮೆ ಹಚ್ಚು, ಕಡೀದು."

ಹಚ್ಚಿದೆ.

"ಇಪ್ಪತ್ತ ಸೆಕೆಂಡೋ ತಮ್ಮಾ! ಸೂಜಿಗೆ ದಾರ ಪೋಣಸಾಕ ಅದಕ್ಕಿಂತ ಹೆಚ್ಚ ಹಿಡೀತೈತಿ. ಅಷ್ಟೂ ಕಿವಿ ಕೊಡಾಕ ಆಗಲಿಲ್ಲೇನು ನಿನಗ?"

"ಬುಂದಿ ಬಡಸಾಕತ್ತಿದ್ದೆ ಅಕ್ಕಾರ."

ಜೀವನದಾಗ ನಾ ಕೊಟ್ಟ ಅತೀ ದರಿದ್ರ ಉತ್ತರ ಅದು. ಅಕ್ಕಾರು ನನ್ನ ಮಾರಿ ನೋಡಿದ್ರು, ಒಂಥರಾ ನಗು ಬಂತು ಅವರಿಗೆ, ನಗೂದ್ರಾಗ ಅಳು ಬಂತು. ನನ್ನ ಕರ್ಚೀಪು ಇಸಗೊಂಡು ನೋಡಿ, ಹೊಲಸ ಅಂತ ಹೊಳ್ಳಿ ಕೊಟ್ಟು, ಸೆರಗಿಲೆ ಒರಸಿಕೊಂಡ್ರು.

ಮೇಡಂ ಹೇಳಿದ್ದನ್ನೂ ಮುಚ್ಚದ ಹೇಳಿದೆ. ಹೆಸರು ಹಾಕಿದ್ರ ತಕರಾರು ಹೆಚ್ಚಾಗಬಹುದು, ನನ್ನ ಮ್ಯಾಲ ದೂರು ಕೊಡೂ ಹಕ್ಕು ಅವರಿಗೈತಿ ಅಂತ.

"ನನ್ನ ಹೆಸರು ಹಾಕಿದ್ರ ಮಂದಿ ಏನಂತಾರ ಗೊತ್ತೈತಿ? ಗಂಡ ಹೋದ ಮ್ಯಾಲ ಪಾಲಿಗೆ ಬಂದ್ಲು ಅಂತಾರ." ಸ್ವಲ್ಪ ಹೊತ್ತು ದಾರದ ಉಂಡಿ ತಿರುವಿದ್ರು. "ಆದ್ರ ಕಡೀಕ ಅವರು ಕೇಳಿದ್ದು ಅದೊಂದ. ಅದನ್ನೂ ಇಲ್ಲ ಅನ್ಲ್ಯಾ? ಹಾಕು. ನಿನ್ನ ಮ್ಯಾಲ ದೂರು ಆಮ್ಯಾಲ ನೋಡೂಣು. ಮೊದಲ ಕೆಲಸ ಮಾಡು."

ಮರಣ ಪತ್ರ, ವಾರಸುದಾರರ ಫಾರ್ಮು, ಇನ್ವೆಂಟರ್ ಹೆಸರು ಸೇರಸೂ ಫಾರ್ಮು, ತಿದ್ದಿದ ಕ್ಲೇಮು, ಎಲ್ಲಾ ಹಾಕಿದೆ. ಮೇಡಂ ಸಹಿ ಮಾಡಿದ್ರು, ಮೂರ ದಿನ ನನ್ನ ಜೋಡಿ ಮಾತಾಡಲಿಲ್ಲ. ತಕರಾರು ಪೂರಾ ಬಗೀಹರೀಲಿಲ್ಲ. ವಿಚಾರಣಿಗೆ ಕರದ್ರು, ವಿಡಿಯೋದಾಗ.

ನನ್ನ ಖೋಲ್ಯಾಗ ಅಕ್ಕಾರು, ನಾನು, ಲ್ಯಾಪ್‌ಟಾಪು. ಪರದೇದಾಗ ಒಂದ ಕಡೆ ಮೇಡಂ, ಇನ್ನೊಂದ ಕಡೆ ಪೇಟೆಂಟ್ ಆಫೀಸಿನ ಕಂಟ್ರೋಲರ್ ಸಾಹೇಬ್ರು. ಸಾಹೇಬ್ರಿಗೆ ಕನ್ನಡ ಬರತಿರಲಿಲ್ಲ, ಅಕ್ಕಾರಿಗೆ ಇಂಗ್ಲಿಷ್. ನಡುವ ನಾ. ಸುರುವಿಗೆ ಹತ್ತ ನಿಮಿಷ ಮೈಕ್ ಬಂದ್ ಇಟ್ಟಕೊಂಡು ವಾದಾ ಮಾಡಿದೆ. ಭಾಳ ಚಲೋ ವಾದಾ ಅದು, ಯಾರೂ ಕೇಳಲಿಲ್ಲ.

ಸಾಹೇಬ್ರು ಕೇಳಿದ್ದು ನೆಟ್ಟಗ ಗುರಿಗೆ ಬಿತ್ತು. "ನಿಮ್ಮ ಒಂದನೇ, ಎರಡನೇ ಚಿತ್ರದಾಗ ಪಟ್ಟಿ ನೆಟ್ಟಗೈತಿ. ಮೂರನೇದರಾಗ ಕೈಲೆ ತಗದ ಡೊಂಕು, ಮ್ಯಾಲ ಚುಕ್ಕಿ. ಸಡಿಲು ಬಿಡೂ ಡೊಂಕು ಹಳೇ ದಾಖಲಿಗೋಳೊಳಗೂ ಸಿಗತೈತಿ. ನೀವು ನಿಂತಿದ್ದು ಚುಕ್ಕಿ ಮ್ಯಾಲ. ಅದು ಮಸಿ ಕಲಿ ಅಲ್ಲ ಅಂತ ನಾ ಹೆಂಗ ನಂಬಲಿ?"

ಬಾಯಿಪಾಠ ಮಾಡಿದ್ದೆಲ್ಲಾ ಹಾರಿ ಹೋತು. "ಸರ್," ಅಂದೆ, "ನಾನೂ ಕಲಿ ಅಂತನ ತಿಳದಿದ್ದೆ. ಅದಕ್ಕ ಮೊದಲಿನ ಎರಡರಾಗ ನಾನ ಅಳಸೇನಿ. ಮೂರನೇದು ಉಳದದ್ದು ನನ್ನ ಆಳಸಿಕಿಂದ. ಆದ್ರ ಎಣಿಸಿ ನೋಡ್ರಿ. ಹದಿನೈದು ಮಡಿಕಿ, ಹದಿನೈದು ಚುಕ್ಕಿ, ಎಲ್ಲಾ ಮಡಿಕಿ ಬಾಯಾಗ, ಒಂದ ಜಾಗಾದಾಗ. ಮಸಿ ಸೋರಿದ್ರ ಹಿಂಗ ಹದಿನೈದ ಸಲ ಗುರ್ತು ಹಿಡದು ಬೀಳೂದಿಲ್ಲ."

ಮೇಡಂ ಕಣ್ಣ ಮುಚ್ಚಿಕೊಂಡಿದ್ರು.

ಸಾಹೇಬ್ರು ಬೆರಳ ಹಚ್ಚಿ ಎಣಿಸೂದು ಕಾಣತಿತ್ತು. ಅಷ್ಟರಾಗ ಅಕ್ಕಾರು ಯಾರನ್ನೂ ಕೇಳದ ಚೀಲದಾಗಿಂದ ಒಂದ ಅರಿವಿ ತುಣುಕು ತಗದು, ಕ್ಯಾಮೆರಾದ ಮುಂದ ನೆರಿಗಿ ಹಿಡದು, ಟಾಕಿ ಹಾಕಿ, ಅಲ್ಲಾಡಿಸಿದ್ರು. ನೆರಿಗಿ ಕದಲಲಿಲ್ಲ. ಜೋರ ಜಗ್ಗಿದ್ರು. ಟಾಕಿ ಬಿಟ್ತು, ಅರಿವಿ ಉಳೀತು. ನಾ ಅನುವಾದ ಮಾಡೂ ಜರೂರ ಬೀಳಲಿಲ್ಲ.

ಸಾಹೇಬ್ರು ತಲಿ ಆಡಿಸಿ, ದಾಖಲಿಗೆ ಅಂತ ಕೇಳಿದ್ರು, "ಇವರು ಎರಡನೇ ಇನ್ವೆಂಟರ್. ಮೊದಲನೇಯವರ ಹೆಸರು ಇವರ ಬಾಯಿಲೆ ಹೇಳಲಿ."

ಅಕ್ಕಾರು ನೆಲಾ ನೋಡಿದ್ರು. ಗಂಡನ ಹೆಸರು ಅವರು ಎಂದೂ ಬಾಯಿ ಬಿಟ್ಟು ಅಂದವರಲ್ಲ. ಹೇಳಲೇಬೇಕಂದ್ರ ನಮ್ಮ ಕಡೆ ಹೆಣಮಕ್ಕಳು ಗಂಡನ ಹೆಸರು ಕೂಡಿಸಿ ಒಡಪಿನ ಪದಾ ಕಟ್ಟತಾರ, ಮದವ್ಯಾಗ, ಸೀಮಂತದಾಗ. ಸರ್ಕಾರಿ ವಿಚಾರಣ್ಯಾಗ ಯಾರೂ ಕಟ್ಟಿದ್ದು ನಾ ಕೇಳಿರಲಿಲ್ಲ. ಅವರು ಸೆರಗು ಸರಿ ಮಾಡಿಕೊಂಡು, ಕ್ಯಾಮೆರಾ ನೋಡಿ, ನಿಧಾನಕ ಅಂದ್ರು:

"ಸೀರಿಗಿ ಚಂದ ನೆರಿಗಿ, ನೆರಿಗಿಗಿ ಚಂದ ಟಾಕಿ,
ತಾಮ್ರದ ಪಟ್ಟಿಗೆ ನನ್ನ ಟಾಕಿ ಹಾಕಿ,
ನನ್ನ ಒಬ್ಬಾಕಿನ್ನ ಹಿಂದ ಹಾಕಿ
ಮುಂದ ನಡದವರು..."

ಆಮ್ಯಾಲ ಹೆಸರು ಹೇಳಿದ್ರು. ಆ ಹೆಸರು ನಾ ಇಲ್ಲಿ ಬರ್ಯೂದಿಲ್ಲ. ಅಕ್ಕಾರು ಒಂದ ಸಲ ಹೇಳಿದ್ದನ್ನ ನಾ ನೂರ ಸಲ ಛಾಪಿಸೂದು ಸರಿ ಅಲ್ಲ.

"ಏನಂದ್ರು?" ಅಂತ ಸಾಹೇಬ್ರು ನನ್ನ ಕೇಳಿದ್ರು. ಕ್ಲೇಮಿನ ಭಾಷಾ ನನಗ ಬರತೈತಿ. ಇದಕ್ಕ ನನ್ನ ಕಡೆ ಇಂಗ್ಲಿಷ್ ಇರಲಿಲ್ಲ. ಹೆಸರಷ್ಟ ಹೇಳಿದೆ.

ಲಿಖಿತ ಉತ್ತರಾ ಕೊಡಾಕ ಹದಿನೈದ ದಿನಾ ಇತ್ತು, ಕೊಟ್ವಿ. ಮುಂದ ಕೆಲ ತಿಂಗಳಿಗೆ ಪೇಟೆಂಟ್ ಬಂತು. ಅಗಲದ್ದಲ್ಲ, ಕಿರಿದು. ನೆರಿಗಿ ಮತ್ತು ಅದರ ಬಾಯಿನ ಹನಿ, ಅಷ್ಟಕ್ಕ. ಇನ್ವೆಂಟರು ಇಬ್ಬರು. ಅಕ್ಕಾರು ಆ ಕಾಗದಾನ ಭಾವನ ಮನಿಗೆ ಒಯ್ದು, ಚಾ ಕುಡದು, ತೋರಸದನ ಹೊಳ್ಳಿ ತಂದ್ರಂತ. "ತೋರಸಬೇಕು ಅನಸಲಿಲ್ಲ ತಮ್ಮಾ," ಅಂದ್ರು. ನನ್ನ ಮ್ಯಾಲಿನ ದೂರು ಇನ್ನೂ ಕೊಟ್ಟಿಲ್ಲ. ಕೊಡೂದಿಲ್ಲ ಅಂತನೂ ಹೇಳಿಲ್ಲ.

ಮೊನ್ನೆ ಸಂತಿ ದಿನ ಅಕ್ಕಾರು ತಾವ ಹಿರೇಕೆರೂರಿಗೆ ಬಂದ್ರು. ಹಿಂದಿನ ಖೋಲಿ ಕದಾ ತಗದು, ಬ್ಯಾಟರಿ ಕೆಲಸ ಸುರು ಮಾಡ್ಯಾರಂತ. ಏಳನೇ ಸೆಲ್ಲಿನಂಗ ನೆರಿಗಿ ಬಿಚ್ಚಿದ್ರ, ಬಿಚ್ಚಿದ ಕೂಡಲೆ ಕಾರ್ಡಿಗೆ ತಿಳಿಯೂವಂಗ ಟಾಕಿ ಒಳಗ ಒಂದ ತಾಮ್ರದ ಎಳಿ ಹಾಯಿಸ್ಯಾರ. ಟಾಕಿ ಬಿಟ್ರ ಎಳಿ ತುಂಡಾಗತೈತಿ, ಸೆಲ್ ಉಬ್ಬೇತಿ ಅಂತ ಸುದ್ದಿ ಮುಟ್ಟತೈತಿ. ಚಿತ್ರಾನೂ ತಾವ ತಗದಿದ್ರು. ನಾ ಪೂರಾ ಕಿವಿ ಕೊಟ್ಟು, ಎರಡ ಸಲ ಕೇಳಿ, ಬರಕೊಂಡೆ. ಕಂಡ ಹಿಡದವರ ಹೆಸರಿನ ಕಾಲಮಿಗೆ ಬಂದಾಗ ಅವರು ಅಂದ್ರು, "ಮೊದಲ ಅವರ ಹೆಸರು ಬರಿ."

"ಅಕ್ಕಾರ, ಇದು ಅವರು ಹೋದ ಮ್ಯಾಲಿಂದಲ್ಲೇನ್ರಿ? ನಿಮ್ಮ ಒಬ್ಬರ ತಲಿದು. ಅವರದು ಹಾಕಾಕ ಬರೂದಿಲ್ಲ. ಹಾಕಿದ್ರ ಸುಳ್ಳಾಗತೈತಿ."

ಅವರು ಪೆನ್ನಿನ ಟೋಪಿ ತಗದು ಮತ್ತ ಹಾಕಿದ್ರು. ಕೆಳಗ ಗೊಬ್ಬರದ ಚೀಲಾ ಇಳಸೂ ಸಪ್ಪಳ.

"ಅವತ್ತ ನನ್ನದು ಬಿಟ್ಟಿ. ಇವತ್ತ ಅವರದು ಬಿಡಂತಿ. ನಮ್ಮಿಬ್ಬರನ್ನ ಒಂದ ಕಡೆ ಕುಂಡ್ರಸೂದ ಅಂದ್ರ ನಿಮಗ ಇಷ್ಟ ತ್ರಾಸ ಏನು?"

ಕಾಲಮಿನ್ಯಾಗ ಅಕ್ಕಾರ ಹೆಸರೊಂದ ಬರದೆ. ಅಕ್ಕಾರು ಫಾರ್ಮು ತಮ್ಮ ಕಡೆ ತಿರುವಿಕೊಂಡು, ಆ ಒಂದ ಹೆಸರನ್ನ ಭಾಳ ಹೊತ್ತು ನೋಡಿದ್ರು. ಆಮ್ಯಾಲ ಸಹಿ ಮಾಡಿದ್ರು.